ಅನು ಅರಸೀಕೆರೆಗೆ ಹೋದ ರಜೆ

ಹನಗೋಡಿನ ಸುತ್ತಮುತ್ತಲ ಹಳ್ಳಿಯವರಿಗೆಲ್ಲ ಮಲ್ಲೇಶ್ ‘ಡಾಕ್ಟ್ರು’. ಅಸಲಿಗೆ ಅವನು ಡಾಕ್ಟರಲ್ಲ, ಪಶು ಆಸ್ಪತ್ರೆಯ ಅಟೆಂಡರ್. ಆದರೆ ಹಸು ಕರು ಹಾಕಲಾರದೆ ಒದ್ದಾಡಿದರೆ, ಎಮ್ಮೆ ಹೊಟ್ಟೆ ಉಬ್ಬರಿಸಿ ಬಿದ್ದರೆ, ಜನ ಮೊದಲು ಫೋನು ಮಾಡುತ್ತಿದ್ದುದು ಅವನಿಗೇ. ಭಾನುವಾರವೂ ಅಷ್ಟೇ, ಹಬ್ಬವೂ ಅಷ್ಟೇ. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋದದ್ದಕ್ಕೆ ಲೆಕ್ಕವಿಲ್ಲ. ಅಂಥವನು ಈ ಸಲ ಬಸವ ಜಯಂತಿ ಸೋಮವಾರ ಬಂದದ್ದನ್ನು ನೋಡಿ, ಶನಿವಾರಕ್ಕೂ ಒಂದು ರಜೆ ಹಾಕಿ, ಶುಕ್ರವಾರ ಸಂಜೆ ಮನೆಗೆ ಬಂದವನೇ ಫೋನನ್ನು ಸ್ವಿಚ್ ಆಫ್ ಮಾಡಿ ಅಟ್ಟದ ಮೇಲಿಟ್ಟುಬಿಟ್ಟ.

ಹೆಂಡತಿ ಹೇಮಶ್ರೀ ನೋಡಿದಳು. ಬೇರೆ ದಿನವಾಗಿದ್ದರೆ ಗೇಲಿ ಮಾಡುತ್ತಿದ್ದಳು. ಈ ರಜೆ ಯಾತಕ್ಕೆಂದು ಅವಳಿಗೆ ಗೊತ್ತಿತ್ತು. ಸೋಮವಾರ ಅವಳ ತಮ್ಮ ರೇಣುಕಾಪ್ರಸಾದ್ ಅರಸೀಕೆರೆಯಿಂದ ಬಂದು ತನ್ನ ಮಗಳು ಅನುವನ್ನು ಕರೆದುಕೊಂಡು ಹೋಗುವವನಿದ್ದ.

ಅನು ಈ ಮನೆಗೆ ಬಂದಾಗ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳ ತಾಯಿ ಪೂಜಾ ಜ್ವರವೆಂದು ಮಲಗಿದವಳು ವಾರ ತುಂಬುವುದರೊಳಗೆ ತೀರಿಕೊಂಡಿದ್ದಳು. ರೇಣುಕಾಪ್ರಸಾದ್ ಲೈನ್‌ಮನ್. ಗಾಳಿಮಳೆ ಬಂದರೆ ಕಂಬ ಹತ್ತಲು ಓಡಬೇಕಾದವನು ಅಷ್ಟು ಸಣ್ಣ ಕೂಸನ್ನು ಹೇಗೆ ಸಾಕಿಯಾನು? ತಿಥಿ ಮುಗಿದ ಮಾರನೆಯ ದಿನ ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿದ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲದ ಹೇಮಶ್ರೀ ಆ ಕೂಸನ್ನು ಎದೆಗವುಚಿಕೊಂಡವಳು ಕೆಳಗಿಳಿಸಿದ್ದೇ ಅಪರೂಪ. ಆದರೂ ಮಲ್ಲೇಶ್ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತ. ಮಗು ತಮ್ಮನ್ನು ಅತ್ತೆ, ಮಾವ ಎಂದೇ ಕರೆಯಬೇಕು. “ಅಪ್ಪ ಬದುಕವ್ನೆ. ಅವನ ಹೆಸರು ನಾವು ಕಿತ್ಕಬಾರದು” ಅಂದಿದ್ದ.

ಕಳೆದ ವರ್ಷ ರೇಣುಕಾಪ್ರಸಾದ್ ಮತ್ತೆ ಮದುವೆಯಾದ. ಹೊಸ ಹೆಂಡತಿ ಶಾಂಭವಿ ಕೆಟ್ಟವಳಾಗಿದ್ದರೆ ಹೇಮಶ್ರೀಗೆ ಹಿಡಿದುಕೊಳ್ಳಲು ಒಂದು ಕೊಂಬೆಯಾದರೂ ಸಿಗುತ್ತಿತ್ತು. ಹಾಗಿರಲಿಲ್ಲ. ಅವಳು ಒಳ್ಳೆಯವಳು. ಅವಳೇ ಗಂಡನಿಗೆ, “ಮಗಳನ್ನ ಕರ್ಕೊಂಡು ಬನ್ನಿ, ಇನ್ನೆಷ್ಟು ದಿನ ಅಂತ ಅಕ್ಕನ ಮೇಲೆ ಹಾಕ್ತೀರಿ?” ಅಂದಿದ್ದಳು. ಸ್ಕೂಲು ಶುರುವಾಗುವ ಮೊದಲು ಮಗು ಹೊಸ ಮನೆಗೆ ಹೊಂದಿಕೊಳ್ಳಲಿ ಎಂದು ಬಸವ ಜಯಂತಿಯ ದಿನ ಗೊತ್ತಾಯಿತು.

ಶನಿವಾರ ಮೂವರೂ ಹೊತ್ತೇರುವವರೆಗೆ ಮಲಗಿದರು. ಎದ್ದ ಮೇಲೆ ಹೇಮಶ್ರೀ ಅನುವಿನ ತಲೆಗೆ ಹರಳೆಣ್ಣೆ ತಟ್ಟಿದಳು. ಹಿತ್ತಲ ಹೊಂಗೆ ಮರದ ಕೆಳಗೆ ಮಲ್ಲೇಶ್ ಚಾಪೆ ಹಾಸಿದ. ಹೊಸದಾಗಿ ಚಿಗುರಿ ತಂಪಾಗಿದ್ದ ನೆರಳಲ್ಲಿ ಮಾವ ಸೊಸೆ ಚೌಕಾಬಾರ ಆಡಿದರು. ಅನು ಕವಡೆ ಬಿಟ್ಟ ಕೂಡಲೇ ತನಗೆ ಬೇಕಾದ ಹಾಗೆ ಒಂದನ್ನು ಬೆರಳಲ್ಲಿ ತಿರುಗಿಸಿಡುತ್ತಿದ್ದಳು, ಮಲ್ಲೇಶ್ ಕಾಣದವನ ಹಾಗೆ ಕೂತಿದ್ದ. ಮಧ್ಯಾಹ್ನ ಮಾವಿನಕಾಯಿಗೆ ಉಪ್ಪುಕಾರ ಹಚ್ಚಿಕೊಂಡು ತಿಂದರು. ಐಸ್‌ಕ್ಯಾಂಡಿಯವನ ಗಂಟೆ ಕೇಳಿದಾಗ ಮಲ್ಲೇಶನೇ ಬರಿಗಾಲಲ್ಲಿ ರಸ್ತೆಗೆ ಓಡಿದ. ಬಿಸಿಲು ಇಳಿದ ಮೇಲೆ ಹೊಳೆಗೆ ಹೋದರು. ಲಕ್ಷ್ಮಣತೀರ್ಥ ಬೇಸಿಗೆಗೆ ಬತ್ತಿ ಬಂಡೆಗಳ ನಡುವೆ ಮೊಣಕಾಲುದ್ದ ಹರಿಯುತ್ತಿತ್ತು. ಮೀನುಮರಿಗಳು ಪಾದಕ್ಕೆ ಮುತ್ತಿದಾಗಲೆಲ್ಲ ಅನು ಕಿರುಚಿ ಮಾವನ ಕುತ್ತಿಗೆಗೆ ಜೋತುಬೀಳುತ್ತಿದ್ದಳು.

“ರಜ ಅಂದ್ರೆ ಇಷ್ಟು ಚೆಂದ ಇರ್ತದೆ ಅಂತ ಗೊತ್ತೇ ಇರಲಿಲ್ಲ” ಅಂದ ಮಲ್ಲೇಶ್, ಯಾರಿಗೆಂದಿಲ್ಲದೆ. ಹೇಮಶ್ರೀ ಬಂಡೆಯ ಮೇಲೆ ಕೂತು ಮಗುವಿನ ಒದ್ದೆ ಲಂಗ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡುತ್ತಿದ್ದಳು.

ಭಾನುವಾರ ಬೆಟ್ಟದಪುರಕ್ಕೆ ಹೊರಟರು. ಮಲ್ಲೇಶನ ತಾಯಿ ಅಲ್ಲಿಯ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತು ಅವನನ್ನು ಹೆತ್ತಿದ್ದಳಂತೆ, ಹೆಸರು ಬಂದದ್ದೂ ಹಾಗೆಯೇ. ಬೈಕಿನ ಮುಂದೆ ಅನು, ಹಿಂದೆ ಹೇಮಶ್ರೀ, ಅವಳ ತೊಡೆಯ ಮೇಲೆ ಚಿತ್ರಾನ್ನದ ಬುತ್ತಿ. ಬೆಳಗಿನ ತಂಪಿನಲ್ಲೇ ಬೆಟ್ಟ ಹತ್ತಲು ಶುರುಮಾಡಿದರು. ಅರ್ಧ ದಾರಿಗೆ ಹೇಮಶ್ರೀ ಏದುಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತಳು. ಅನು ಪಕ್ಕದಲ್ಲಿ ನಿಂತು ಕೆಳಗಿನ ಹೊಲಗಳನ್ನು ನೋಡುತ್ತ ಅಂದಳು:

“ಅತ್ತೆ, ಅರಸೀಕೆರೇಲಿ ರೈಲು ಈ ಕಡೆಯಿಂದಾನೂ ಬತ್ತದೆ, ಆ ಕಡೆಯಿಂದಾನೂ ಬತ್ತದೆ. ಮೇಲೆ ಸೇತುವೆ ಅದೆ. ನಾವು ಅಲ್ಲಿ ನಿಂತ್ಕೊಂಡ್ರೆ ರೈಲು ನಮ್ಮ ಕಾಲ ಕೆಳಗೇ ಓಯ್ತದೆ!”

“ಯಾರಮ್ಮ ಹೇಳಿದ್ದು?”

“ಮಾವ! ದಿನಾ ಮಲಗ್ವಾಗ ರೈಲಿನ ಕಥೆ ಏಳ್ತಾರೆ. ನಾಳೆ ಯಾವಾಗ ಆಗುತ್ತೋ!” ಅಂದವಳೇ ಮೆಟ್ಟಿಲ ಮೇಲಿದ್ದ ಕೋತಿಮರಿಯನ್ನು ಕಂಡು ಮುಂದಕ್ಕೆ ಓಡಿದಳು.

ಹೇಮಶ್ರೀ ಗಂಡನ ಮುಖ ನೋಡಿದಳು.

“ಯಾವಾಗಿಂದ ಇದು?”

“ಶಿವರಾತ್ರಿ ಆದಾಗಿಂದ.”

“ಮಗು ಓಗಲ್ಲ ಅಂತ ಅತ್ರೆ ರೇಣುಕ ಮನಸ್ಸು ಬದಲಾಯಿಸ್ಯಾನು ಅಂತ ನಾನು ದೇವ್ರಿಗೆ ಕೈ ಮುಗೀತಾ ಕೂತಿದ್ದೆ. ನೀವು ನೋಡುದ್ರೆ ನನ್ನ ಬೆನ್ನ ಹಿಂದೆ ಅವಳ ಮನಸ್ಸನ್ನ ಆ ಕಡೆಗೆ ತಿರುಗಿಸಿದ್ದೀರಿ.”

ಮಲ್ಲೇಶ್ ತಲೆ ತಗ್ಗಿಸಿದ. “ಅವಳು ಅತ್ಕೊಂಡು ಓಗೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಹೇಮ. ನಗ್ತಾ ಓಗ್ಲಿ ಅಂತ…”

“ನಗ್ತಾನೇ ಓಗ್ತಾಳೆ ಬುಡಿ. ಅಳಕ್ಕೆ ನಾವಿದ್ದೀವಲ್ಲ.”

ಹೇಮಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು, ಧ್ವನಿ ಬದಲಿಸಿ, ಬೇಡುವವಳ ಹಾಗೆ ಅಂದಳು: “ನಾಳೆ ಅವನನ್ನ ಒಂದು ಮಾತು ಕೇಳಿ. ಇನ್ನೊಂದು ವರ್ಷ ಇಲ್ಲೇ ಇರ್ಲಿ ಅನ್ನಿ. ನಾನು ಕೇಳಿದ್ರೆ ಅಕ್ಕ ತಾನೇ ಅಂತ ಗದರಿ ಸುಮ್ಮನಾಗುಸ್ತಾನೆ. ಭಾವ ಕೇಳಿದ್ರೆ ಇಲ್ಲ ಅನ್ನಲ್ಲ.”

“ಕೇಳ್ತೀನಿ” ಅಂದ ಮಲ್ಲೇಶ್. ಕೇಳಬೇಕೆಂದು ಅವನಿಗೂ ಆಸೆಯಿತ್ತು. ಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತಾಗ ಅವನು ಅಭ್ಯಾಸ ಮಾಡಿಕೊಂಡದ್ದು ಅದೇ ಮಾತನ್ನು.

ಸೋಮವಾರ ಹೋಳಿಗೆ, ಕೋಸಂಬರಿ, ಬೆಲ್ಲದ ಪಾನಕ. ಹತ್ತು ಗಂಟೆಯ ಬಸ್ಸಿಗೆ ರೇಣುಕಾಪ್ರಸಾದ್ ಬಂದಿಳಿದ. ಬಾಗಿಲಲ್ಲಿ ಅವನನ್ನು ಕಂಡದ್ದೇ ಅನು ಓಡಿ ಹೋಗಿ ಅವನ ಕಾಲು ತಬ್ಬಿಕೊಂಡಳು. “ಅಪ್ಪಾ, ರೈಲು ಎಷ್ಟೊತ್ತಿಗೆ?” ಒಳಗೆ ಹೋಳಿಗೆ ತಟ್ಟುತ್ತಿದ್ದ ಹೇಮಶ್ರೀಯ ಕೈ ಒಂದು ಗಳಿಗೆ ನಿಂತಿತು.

ಊಟವಾದ ಮೇಲೆ ಗಂಡಸರಿಬ್ಬರೂ ಹೊಂಗೆ ಮರದ ಕೆಳಗೆ ಕೂತರು. ಮಲ್ಲೇಶ್ ಎಲೆಗೆ ಸುಣ್ಣ ಹಚ್ಚುತ್ತ ಮಾತು ಜೋಡಿಸಿಕೊಳ್ಳುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಹೇಮಶ್ರೀ ನಿಂತಿದ್ದಳು.

“ರೇಣುಕ, ಒಂದು ಮಾತು…”

“ಭಾವ, ಅದಕ್ಕಿಂತ ಮೊದ್ಲು ನಾನೊಂದು ಹೇಳ್ತೀನಿ” ಅಂದ ರೇಣುಕಾಪ್ರಸಾದ್. “ಇಷ್ಟು ವರ್ಷ ನಾನು ಬಂದಾಗೆಲ್ಲ ಅವಳು ಅಕ್ಕನ ಸೆರಗಿನಲ್ಲಿ ಅವಿತ್ಕೊಳ್ತಿದ್ಲು. ಯಾರೋ ನೆಂಟ ಬಂದಂಗೆ. ವಾಪಸ್ ಹೋಗ್ತಾ ಬಸ್ಸಲ್ಲಿ ಮುಖ ಮುಚ್ಕೊಂಡು ಅಳ್ತಿದ್ದೆ ಭಾವ, ಯಾರ್ಗೂ ಹೇಳಿಲ್ಲ. ಇವತ್ತು ಓಡ್ಬಂದು ಕಾಲು ಹಿಡ್ಕೊಂಡ್ಲು. ನೀವೇ ಹೇಳ್ಕೊಟ್ಟು ತಯಾರು ಮಾಡಿದ್ದೀರಿ ಅಂತ ನಂಗೆ ಗೊತ್ತು. ನಮ್ಮಪ್ಪನೂ ನಂಗೆ ಇಷ್ಟು ಮಾಡ್ತಿರಲಿಲ್ಲ.” ಅವನು ಬಗ್ಗಿ ಮಲ್ಲೇಶನ ಎರಡೂ ಕೈ ಹಿಡಿದುಕೊಂಡ. ಸುಣ್ಣ ಅವನ ಅಂಗೈಗೆ ಮೆತ್ತಿತು.

ಮಲ್ಲೇಶ್ ಕಿಟಕಿಯ ಕಡೆ ನೋಡಲಿಲ್ಲ.

“ನೀವೇನೋ ಹೇಳಕ್ಕೆ ಬಂದ್ರಲ್ಲ ಭಾವ?”

“ಏನಿಲ್ಲ. ಮಲಗ್ವಾಗ ಅವಳಿಗೆ ಅಂಗಾಲು ಉಜ್ಜಬೇಕು. ಇಲ್ಲಾಂದ್ರೆ ನಿದ್ದೆ ಬರಲ್ಲ. ಶಾಂಭವಿಗೆ ಹೇಳು.”

ಕಿಟಕಿಯಲ್ಲಿದ್ದ ಹೇಮಶ್ರೀ ಒಳಕ್ಕೆ ಸರಿದಳು.

ರೈಲು ಹಿಡಿಯಲು ಹುಣಸೂರಿನ ಮೇಲೆ ಕೆ.ಆರ್. ನಗರಕ್ಕೆ ಹೋಗಬೇಕು. ನಾಲ್ವರೂ ಹೋದರು. ಬಸ್ಸಿನಲ್ಲಿ ಅನು ಒಬ್ಬಳದೇ ಮಾತು. ಪ್ಲಾಟ್‌ಫಾರಂ ಮೇಲೆ ರೈಲು ಸದ್ದು ಮಾಡುತ್ತ ಬಂದಾಗ ಅವಳು ಹೆದರಿ ಹೇಮಶ್ರೀಯ ಸೀರೆ ಹಿಡಿದುಕೊಂಡಳು. ಹೇಮಶ್ರೀ ಆ ಪುಟ್ಟ ಮುಷ್ಟಿಯನ್ನು ತನ್ನ ಕೈಯಲ್ಲಿ ಮುಚ್ಚಿಕೊಂಡಳು. ರೈಲು ನಿಂತಿತು. ಅಷ್ಟರಲ್ಲಿ ಅನುವಿನ ಹೆದರಿಕೆ ಹೋಗಿತ್ತು. ಅವಳೇ ಕೈ ಬಿಡಿಸಿಕೊಂಡು ಅಪ್ಪನ ಹಿಂದೆ ಹತ್ತಿದಳು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸರಳುಗಳ ನಡುವೆ ಮುಖವಿಟ್ಟು ಕೈ ಬೀಸಿದಳು. ಅಳಲಿಲ್ಲ, ಮುಖ ಸಪ್ಪಗೂ ಆಗಲಿಲ್ಲ. ರೈಲು ಅಲುಗಿದಾಗ ಮಲ್ಲೇಶ್ ಎರಡು ಹೆಜ್ಜೆ ಜೊತೆಗೆ ನಡೆದ. ಬೋಗಿಯೊಳಗೆ ಕಡಲೆಕಾಯಿಯವನು ಕೂಗುತ್ತ ಬಂದ. ಅನು ಅವನ ಬುಟ್ಟಿಯ ಕಡೆ ತಿರುಗಿದವಳು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ರೈಲು ಸ್ಟೇಷನ್ ದಾಟಿತ್ತು.

ಹನಗೋಡಿಗೆ ವಾಪಸು ಬಂದು ಮನೆಯೊಳಗೆ ಕಾಲಿಟ್ಟಾಗ ಹೇಮಶ್ರೀ ಒಂದೇ ಮಾತು ಅಂದಳು. “ಕೇಳ್ತೀನಿ ಅಂದಿದ್ರಿ.”

ಮಂಗಳವಾರ ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಚಲುವಯ್ಯ ಎಂಬ ರೈತ ಮೇಕೆ ಹಿಡಿದುಕೊಂಡು ಕಾಯುತ್ತಿದ್ದ.

“ಏನ್ ಡಾಕ್ಟ್ರೇ, ಮೂರು ದಿನ ಪೋನೇ ಇಲ್ಲ! ಎಲ್ಲೋಗಿದ್ರಿ?”

“ಎಲ್ಲೂ ಇಲ್ಲ. ಮನೇಲೇ ಇದ್ದೆ, ರಜ.”

“ಒಳ್ಳೇದು ಮಾಡುದ್ರಿ ಬುಡಿ. ಯಾವಾಗ್ಲೂ ದನದ ಹಿಂದೆ ಸುತ್ತೋರು ನೀವು. ಮಗೂ ಜೊತೆ ಆರಾಮಾಗಿ ಇದ್ರಾ?”

“ಇದ್ದೆ” ಅಂದ ಮಲ್ಲೇಶ್. ಮೇಕೆಯ ಕಿವಿ ಹಿಡಿದು ಕೂತವನ ಕಣ್ಣಿಂದ ನೀರು ಒಂದೇ ಸಮನೆ ಇಳಿಯತೊಡಗಿತು. ಚಲುವಯ್ಯ ಕಕ್ಕಾಬಿಕ್ಕಿಯಾಗಿ ಹಗ್ಗ ಹಿಡಿದು ನಿಂತ. ಆಮೇಲೆ ತನ್ನ ಹೆಗಲ ಟವೆಲ್ ತೆಗೆದು ಕೊಟ್ಟ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ರೇಣುಕಾಪ್ರಸಾದನ ಫೋನಿನಿಂದ ಅನು ಮಾತಾಡಿದಳು. ಸೇತುವೆ ಮೇಲೆ ನಿಂತದ್ದು, ಎರಡು ರೈಲು ಒಟ್ಟಿಗೆ ಬಂದದ್ದು, ಶಾಂಭವಿ ಅಮ್ಮ ಪೂರಿ ಮಾಡಿದ್ದು, ಎಲ್ಲ ಉಸಿರು ಬಿಡದೆ ಹೇಳಿದಳು. ಆಮೇಲೆ ಕೇಳಿದಳು:

“ಮಾವ, ನೀವು ಯಾವ ರೈಲಿಗೆ ಬತ್ತೀರಾ? ನಿನ್ನೆ ನಮ್ಮ ಹಿಂದಿನ ರೈಲಲ್ಲೇ ಬತ್ತೀರಾ ಅಂದ್ಕೊಂಡಿದ್ದೆ. ಇವತ್ತೂ ಸ್ಟೇಷನ್ನಲ್ಲಿ ನೋಡ್ದೆ. ಅತ್ತೆ ಬಟ್ಟೆ ಎಲ್ಲ ಎತ್ತಿಟ್ಟಾಯ್ತಾ?”

ಮಲ್ಲೇಶನಿಗೆ ಆಗ ಹೊಳೆಯಿತು. ಅಷ್ಟು ದಿನ ಅವನು ಹೇಳಿದ ಕಥೆಗಳಲ್ಲೆಲ್ಲ ರೈಲು ಹತ್ತಿದವರು ಮೂವರು, ಮಾವ, ಅತ್ತೆ, ಅನು. ಒಬ್ಬಳನ್ನೇ ಕಳಿಸುವ ಕಥೆ ಅವನ ಬಾಯಿಗೆ ಬಂದೇ ಇರಲಿಲ್ಲ. ಅವಳು ಅಳದೆ ಹೋದದ್ದು ಅವರನ್ನು ಮರೆತಲ್ಲ. ಅವರು ಹಿಂದೆಯೇ ಬರುತ್ತಾರೆಂದು ನಂಬಿ ಹೋಗಿದ್ದಳು.

ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹೇಮಶ್ರೀ ಅವನ ಕೈಯಿಂದ ಫೋನು ತೆಗೆದುಕೊಂಡಳು. ನಾಳೆ ಬರುತ್ತೇವೆ ಅಂದಿದ್ದರೆ ಮಗು ಅಷ್ಟಕ್ಕೇ ಕುಣಿಯುತ್ತಿತ್ತು. ಅವಳು ಹಾಗೆ ಅನ್ನಲಿಲ್ಲ.

“ನಾವು ಬರಲ್ಲ ಕಣವ್ವ. ಇನ್ಮೇಲೆ ಅದೇ ನಿನ್ನ ಮನೆ. ಅಪ್ಪ ಅವ್ರೆ, ಅಮ್ಮ ಅವ್ರೆ. ನಾವು ಇಲ್ಲೇ ಇರ್ತೀವಿ, ನಿನ್ನ ನೋಡಕ್ಕೆ ಬತ್ತಾ ಇರ್ತೀವಿ.”

ಆ ಕಡೆಯಿಂದ ಅಳು ಬಂತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. “ಮಾವಾ… ಮಾವಾ…” ಎಂದು ಕರೆದು ಅಳುತ್ತಿದ್ದಳು. ನೋಡಲಾರೆನೆಂದು ಹೆದರಿದ್ದ ಆ ಅಳುವನ್ನು ಮಲ್ಲೇಶ್ ಗೋಡೆಗೆ ಒರಗಿ ಕೂತು ಪೂರ್ತಿ ಕೇಳಿಸಿಕೊಂಡ. ಕಡೆಗೆ ಶಾಂಭವಿಯ ದನಿ ಬಂತು. “ಅಕ್ಕ, ನಾನಿದ್ದೀನಿ. ಎತ್ಕೊಂಡಿದ್ದೀನಿ. ಫೋನ್ ಇಡ್ತೀನಿ, ಆಯ್ತಾ?”

ಹೇಮಶ್ರೀ ಫೋನಿಟ್ಟು ಗಂಡನ ಪಕ್ಕ ನೆಲದ ಮೇಲೆ ಕೂತಳು. ಎರಡು ದಿನದಿಂದ ಹಿಡಿದಿಟ್ಟುಕೊಂಡಿದ್ದ ಸಿಟ್ಟು ಅವಳಿಗೆ ಆಗ ಸಿಗಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟಳು. “ನಿಮಗೆ ಸುಳ್ಳು ಹೇಳಕ್ಕೂ ಬರಲ್ಲ, ನಿಜ ಹೇಳಕ್ಕೂ ಬರಲ್ಲ” ಅಂದಳು. ಅನ್ನುತ್ತಲೇ ಅವಳ ದನಿಯೂ ಒಡೆಯಿತು.

ಸ್ಕೂಲು ಶುರುವಾದ ಮೇಲೆ ಒಂದು ಭಾನುವಾರ ಇಬ್ಬರೂ ಅರಸೀಕೆರೆಗೆ ಹೋಗಿ ಬಂದರು. ಅನು ಕೊಂಚ ಎತ್ತರವಾಗಿದ್ದಳು. ಶಾಂಭವಿಯ ಹಿಂದೆ ಮುಂದೆ ಸುಳಿಯುತ್ತಿದ್ದಳು, ಬಾಯಿ ತುಂಬ ಅಮ್ಮಾ ಅನ್ನುತ್ತಿದ್ದಳು. ಹೊರಡುವ ಹೊತ್ತಿಗೆ ಮಲ್ಲೇಶನ ಷರ್ಟು ಹಿಡಿದು ಅತ್ತಳು. ಅವನು ಈ ಸಲ ಯಾವ ಕಥೆಯನ್ನೂ ಹೇಳಲಿಲ್ಲ. ಅಳು ನಿಲ್ಲುವವರೆಗೆ ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡಿದ. ಆಮೇಲೆ ತಾನಾಗಿಯೇ ಶಾಂಭವಿಯ ಕೈಗೆ ಕೊಟ್ಟ.

ರೈಲಿನಲ್ಲಿ ಹೇಮಶ್ರೀ ಕಿಟಕಿಯ ಹೊರಗೆ ನೋಡುತ್ತ, “ನಮ್ಮಲ್ಲಿದ್ದಾಗ ಇಷ್ಟು ಉದ್ದ ಜಡೆ ಇರಲಿಲ್ಲ ಅಲ್ವಾ?” ಅಂದಳು.

“ಇರಲಿಲ್ಲ” ಅಂದ ಮಲ್ಲೇಶ್. ಹೊಳೆನರಸೀಪುರ ದಾಟುವವರೆಗೆ ಇಬ್ಬರೂ ಅವಳ ಜಡೆಯ ವಿಷಯವನ್ನೇ ಮಾತಾಡಿದರು.