ಪಡಸಾಲೆಯ ಮುಂದೆ ಕಡಿದ ಬುಲೆಟ್

ಕೊರೊನಾ ಕಾಲ ಮುಗಿದ ಮರುವರ್ಷದ ಮಾತು. ಆಗ ಸವಣೂರಿನ ಬಸ್ ನಿಲ್ದಾಣದ ಹಿಂದೆ ನನ್ನ ಗ್ಯಾರೇಜ್ ಇತ್ತು. ಈಗ ಕೈ ನಡುಗುತ್ತದೆ, ಅದನ್ನು ಅಳಿಯನಿಗೆ ಬಿಟ್ಟುಕೊಟ್ಟಿದ್ದೇನೆ. ಆ ದಿನಗಳಲ್ಲಿ ಶಿಗ್ಗಾವಿಯಿಂದ ಹಿರೇಕೆರೂರಿನವರೆಗೆ ಯಾರ ಹಿತ್ತಿಲಲ್ಲಿ ಹಳೆಯ ಬುಲೆಟ್ ತುಕ್ಕು ಹಿಡಿದು ನಿಂತಿದ್ದರೂ ಜನ ಖಾದರ್ ಮಿಸ್ತ್ರಿಯ ಹೆಸರು ಹೇಳುತ್ತಿದ್ದರು. ಆ ಖಾದರ್ ನಾನೇ. ಜಂಬ ಎಂದುಕೊಳ್ಳುವವರು ಅಂದುಕೊಳ್ಳಲಿ, ನನಗೇನೂ ಬೇಸರವಿಲ್ಲ.

ಹಳೆ ಗಾಡಿ ತರುವವರಲ್ಲಿ ಎರಡು ಜಾತಿ. ಅಪ್ಪನ ನೆನಪಿಗೆಂದು ತರುವವರು ಒಂದು ಜಾತಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ತರುವವರು ಇನ್ನೊಂದು. ಎರಡನೆಯವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ನಡೆಸುವ ಶಿವಾನಂದ ಬಂದಾಗ ನಾನು ಅವನನ್ನು ಮೊದಲ ಜಾತಿಗೆ ಸೇರಿಸಿಬಿಟ್ಟೆ. ನಲವತ್ತು ದಾಟಿದವನು, ಮೆತ್ತಗಿನ ಮಾತು. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹೊಟ್ಟಿನ ಶೆಡ್ಡಿನ ಮೂಲೆಯಲ್ಲಿ, ಹರಿದ ಗೋಣಿಚೀಲಗಳ ಅಡಿಯಲ್ಲಿ ಒಂದು ಕಪ್ಪು ಬುಲೆಟ್.

"ನಮ್ಮಪ್ಪನ ಗಾಡಿರಿ. ನಿಂತ ಬಿಟ್ಟೈತಿ. ಅವರಿಗೆ ಲಕ್ವಾ ಹೊಡದೈತ್ರಿ. ಮಾತಿಲ್ಲ, ಬಲಗಡೆ ಏನೂ ಆಡೂದಿಲ್ಲ. ಅವರು ಕಣ್ಣ ಮುಚ್ಚೂದ್ರಾಗ ಇದು ಚಾಲೂ ಆಗಬೇಕು" ಎಂದ. ಕೆಲಸವನ್ನು ತಮ್ಮ ಮನೆಯ ಅಂಗಳದಲ್ಲೇ ಮಾಡಬೇಕು ಎಂಬುದೊಂದೇ ಅವನ ಷರತ್ತು. "ಅಪ್ಪ ಮಕ್ಕೊಂಡಲ್ಲೆ ನೋಡಬೇಕ್ರಿ." ನನ್ನ ಎದೆ ಕರಗಿಹೋಯಿತು. ಇಂಥ ಮಗ ಎಲ್ಲರಿಗೂ ಹುಟ್ಟಲಿ ಎಂದುಕೊಂಡು ಸ್ಪ್ಯಾನರ್ ಪೆಟ್ಟಿಗೆ ಹೊತ್ತುಕೊಂಡು ಹೊರಟೆ.

ಅಪ್ಪನ ಹೆಸರು ವೀರಭದ್ರಪ್ಪ. ಒಂದು ಕಾಲಕ್ಕೆ ಈ ಗಾಡಿಯ ಮೇಲೆ ಆಡೂರು, ಹಾನಗಲ್ಲು, ಹಂಸಭಾವಿ ಸುತ್ತಿ ಭತ್ತ ಖರೀದಿ ಮಾಡುತ್ತಿದ್ದ ಮನುಷ್ಯ. ಸದ್ದು ಕೇಳಿಯೇ ಜನ ಚೀಲ ಹೊರಗಿಡುತ್ತಿದ್ದರಂತೆ. ಈಗ ಪಡಸಾಲೆಯ ಮಂಚದ ಮೇಲೆ ಬಿದ್ದಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ಎಡಗೈ ಮತ್ತು ಎರಡು ಕಣ್ಣು ಮಾತ್ರ ಚುರುಕಾಗಿದ್ದವು. ಗಾಡಿಯನ್ನು ನೂಕಿಕೊಂಡು ಅಂಗಳಕ್ಕೆ ತಂದಾಗ ಆ ಕಣ್ಣುಗಳು ಅದಕ್ಕೆ ಅಂಟಿಕೊಂಡವು, ಮತ್ತೆ ಬಿಡಲಿಲ್ಲ.

ಗಾಡಿಯ ಸ್ಥಿತಿ ಹೇಳುತ್ತೇನೆ. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು. ವೈರುಗಳನ್ನೆಲ್ಲ ಕಡಿದು ಹಾಕಿತ್ತು. ಪಿಸ್ಟನ್ ಸಿಲಿಂಡರಿಗೆ ಹತ್ತಿಕೊಂಡು ಬಿಟ್ಟಿತ್ತು. ನಾವು ಇದಕ್ಕೆ ಎಂಜಿನ್ ಜಾಮ್ ಎನ್ನುತ್ತೇವೆ. ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ಕೆಲವು ದಿನ ನೆನೆಯಲು ಬಿಟ್ಟೆ. ಆತುರ ಬಿದ್ದು ಸುತ್ತಿಗೆಯಿಂದ ಬಡಿಯುವವರು ಮಿಸ್ತ್ರಿಗಳಲ್ಲ, ಕಟುಕರು. ಕಡೆಗೆ ಪಿಸ್ಟನ್ ಹೊರಬಂತು. ಸಿಲಿಂಡರನ್ನು ಹುಬ್ಬಳ್ಳಿಗೆ ಕಳಿಸಿ ಬೋರ್ ಮಾಡಿಸಿದೆ, ಎಂದರೆ ಒಳಗಿನ ಗೋಡೆಯನ್ನು ಹೊಸದಾಗಿ ಕೊರೆಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿದೆ. ಟ್ಯಾಂಕಿನ ತುಕ್ಕಿಗೆ ಹುಣಸೆ ನೀರು ತುಂಬಿಸಿ, ಒಳಗೆ ಹಳೆ ನಟ್ಟು ಹಾಕಿ ಅಲುಗಾಡಿಸಿದೆ. ಹೊರಗೆ ಬಂಗಾರದ ಬಣ್ಣದ ಗೆರೆಗಳು ಹಾಗೇ ಉಳಿದಿದ್ದವು. ಕೈಯಿಂದ ಎಳೆದ ಗೆರೆ. ಅಂಥ ಗೆರೆ ಎಳೆಯುವ ಕೈ ಈಗ ನಮ್ಮ ಕಡೆ ಇಲ್ಲ.

ವಾಲ್ವ್ ಉಜ್ಜುತ್ತ ಕೂತಿದ್ದ ದಿನ ಶಿವಾನಂದ ಪಕ್ಕದಲ್ಲಿ ಬಂದು ಕುಕ್ಕರಗಾಲಿನಲ್ಲಿ ಕುಳಿತ. ನಾನು ಮೆಚ್ಚುಗೆಯಿಂದ, "ನಿಮ್ಮಪ್ಪಾರ ಮ್ಯಾಲ ನಿಮಗ ಭಾಳ ಪ್ರೀತಿ ಬಿಡ್ರಿ" ಎಂದೆ.

ಅವನು ಪ್ಯಾಂಟಿನ ಬಲಗಾಲನ್ನು ಮೊಣಕಾಲಿನ ತನಕ ಮಡಚಿದ. ಮೀನಖಂಡದ ಮೇಲೆ ಅಂಗೈಯಗಲದ ಸುಟ್ಟ ಕಲೆ, ಹೊಳೆಯುವ ಚರ್ಮ, ಒಂದು ಕೂದಲೂ ಇಲ್ಲ. "ಎಂಟನೇ ಇಯತ್ತೆ ಇದ್ದಾಗ ಕೇಳಲಾರ್ದ ಗಾಡಿ ನೂಕಿ ಚಾಲೂ ಮಾಡ್ಕೊಂಡ ಹೋಗಿದ್ನಿರಿ. ಕಾಲುವಿ ದಂಡ್ಯಾಗ ಬಿದ್ದು ಫುಟ್‌ರೆಸ್ಟ್ ಸೊಟ್ಟಾತು. ಅಪ್ಪ ಗಾಡಿ ಚಾಲೂ ಇಟ್ಟು, ಸೈಲೆನ್ಸರ್ ಕಾಸಿ, ನನ್ನ ಕಾಲ ಹಿಡದ ಒತ್ತಿದ್ರು. ಇದ ಅಂಗಳದಾಗ."

ನಾನು ವಾಲ್ವ್ ಕೆಳಗಿಟ್ಟೆ. ಅವನು ಅದೇ ಮೆತ್ತಗಿನ ದನಿಯಲ್ಲಿ ಮುಂದುವರಿಸಿದ. "ಗಾಡಿ ಚಾಲೂ ಆದಮ್ಯಾಲ ಇದನ್ನ ಬಾಬರ್ ಮಾಡ್ಬೇಕ್ರಿ. ಇಲ್ಲೆ, ಅವರ ಮುಂದ."

ಬಾಬರ್ ಎಂದರೆ ಗಾಡಿಯ ಹಿಂಭಾಗವನ್ನು ಕತ್ತರಿಸಿ ಗಿಡ್ಡ ಮಾಡುವುದು. ಮಡ್‌ಗಾರ್ಡು, ಉದ್ದನೆಯ ಸೀಟು, ಚಾಸಿಯ ಬಾಲ ಎಲ್ಲ ಹೋಗುತ್ತವೆ. ಟ್ಯಾಂಕಿನ ಬಣ್ಣ ಕೆರೆದು ಮಂಕು ಕಪ್ಪು ಬಳಿಯುತ್ತಾರೆ. ಹೊಸ ಗಾಡಿಗೆ ಮಾಡಿದರೆ ಅದೊಂದು ಶೋಕಿ. ಇಂಥ ಗಾಡಿಗೆ ಮಾಡಿದರೆ ಕೊಲೆ. ಚಾಸಿ ಕಡಿದರೆ ರಸ್ತೆಯಲ್ಲಿ ಆರ್‌ಟಿಓದವರು ಹಿಡಿಯುತ್ತಾರೆ ಎಂದು ಹೆದರಿಸಿ ನೋಡಿದೆ.

"ರಸ್ತೇಕ್ಕ ಯಾರ ತರ್ತಾರ್ರಿ?" ಎಂದ.

"ಹಂಗಾದ್ರ ಈಗ ಕಡದ ಬಿಡೂಣ. ಎಂಜಿನ್ ಮಾಡೂದ್ಯಾಕ?"

"ಸತ್ತದ್ದನ್ನ ಕಡದ್ರ ಅವರಿಗೇನ ಹತ್ತತೈತ್ರಿ, ಮಿಸ್ತ್ರಿ? ಮೊದಲ ಜೀವಾ ಬರಸ್ರಿ. ಅವರು ಕೇಳ್ಲಿ, ಖುಷಿ ಪಡ್ಲಿ. ಆಮ್ಯಾಲ ಕಡೀರಿ."

ನೀವು ಯಾಕೆ ಎದ್ದು ಬರಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಬಿಚ್ಚಿದ ಎಂಜಿನ್ನನ್ನು ಹಾಗೇ ಬಿಟ್ಟು ಬರುವುದು ನಮ್ಮ ಉಸ್ತಾದರು ಕಲಿಸಿದ ಪಾಠವಲ್ಲ. ಜೊತೆಗೆ ನನಗೊಂದು ಆಸೆಯೂ ಇತ್ತು. ಎಂಜಿನ್ ಸದ್ದು ಕೇಳಿದ ಕೂಡಲೇ ಮನಸ್ಸು ಬದಲಾಯಿಸಿದವರನ್ನು, ಮಾರಲು ತಂದ ಗಾಡಿಯನ್ನು ತಾವೇ ಓಡಿಸಿಕೊಂಡು ಹೋದವರನ್ನು ನಾನು ಕಂಡಿದ್ದೆ. ಆ ಸದ್ದಿನ ಮೇಲೆ ಭಾರ ಹಾಕಿ ಕೆಲಸ ಮುಂದುವರಿಸಿದೆ.

ಅವನ ತಾಯಿ ಗಂಗವ್ವ ಚಹಾ ತಂದಾಗ ಮೆಲ್ಲಗೆ ಹೇಳಿದೆ: "ಅವ್ವಾರ, ನೀವರ ಒಂದ್ ಮಾತ ಹೇಳ್ರಿ ಮಗಗ."

ಆಕೆ ಬಸಿ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು. "ಅವನ ಕಾಲ ಸುಡಾಕತ್ತಾಗ ನಾ ಬಾಗ್ಲದಾಗ ನಿಂತಿದ್ದೆ. ಅವತ್ತ ಏನೂ ಅನ್ಲಿಲ್ಲ. ಇವತ್ತ ಯಾ ಬಾಯಿಲೆ ಅನ್ಲಿ?" ಎಂದು ಒಳಗೆ ಹೋದರು.

ಗಾಡಿ ಚಾಲೂ ಮಾಡುವ ದಿನ ಬಂತು. ಹಳೆಯ ಬುಲೆಟ್ಟನ್ನು ಸುಮ್ಮನೆ ಒದ್ದರೆ ಚಾಲೂ ಆಗುವುದಿಲ್ಲ. ಎಡ ಹ್ಯಾಂಡಲಿನಲ್ಲಿ ಕ್ಲಚ್ಚಿನ ಕೆಳಗೆ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಹಿಚುಕಿದರೆ ಸಿಲಿಂಡರಿನೊಳಗಿನ ಒತ್ತಡ ಹೊರಗೆ ಹೋಗುತ್ತದೆ. ಕರೆಂಟು ತೋರಿಸುವ ಮೀಟರಿನ ಮುಳ್ಳು ನಡುವಿಗೆ ಬರುವಂತೆ ಕಿಕ್ಕನ್ನು ನಿಧಾನಕ್ಕೆ ಒತ್ತಿ, ಲಿವರ್ ಹಿಚುಕಿ ಇನ್ನಷ್ಟು ಕೆಳಗಿಳಿಸಿ, ಬಿಟ್ಟು, ಆಮೇಲೆ ಒದೆಯಬೇಕು. ಲಿವರ್ ಮರೆತರೆ ಕಿಕ್ಕು ತಿರುಗಿ ಬಂದು ಕಾಲು ಮುರಿಯುತ್ತದೆ.

ಕ್ರಮ ತಪ್ಪದೆ ಮಾಡಿದೆ. ಎರಡು ಸಲ ಕೆಮ್ಮಿ ಎಂಜಿನ್ ಹತ್ತಿತು. ಆ ನಿಧಾನದ, ಬಿಡಿಬಿಡಿಯಾದ ಸದ್ದು ಅಂಗಳ ತುಂಬಿತು. ಮಂಚದ ಮೇಲೆ ವೀರಭದ್ರಪ್ಪನ ಮುಖ ಅರಳಿತು. ಅರ್ಧ ಮುಖವೇ ಅರಳಿದ್ದು, ಆದರೂ ಅಷ್ಟು ಸಂತೋಷವನ್ನು ನಾನು ಪೂರ್ತಿ ಮುಖದ ಮೇಲೂ ಕಂಡಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಶಿವಾನಂದನ ಕಡೆ ನೋಡಿದೆ. ಅವನ ಬಿಗಿದ ದವಡೆ ಸಡಿಲಾಗಿತ್ತು. ಹತ್ತಿರ ಬಂದು ಟ್ಯಾಂಕಿನ ಮೇಲೆ ಕೈಯಿಟ್ಟ.

"ಬಂದ್ ಮಾಡ್ರಿ ಮಿಸ್ತ್ರಿ. ನಾ ಒಂದ್ಸಲ ಕಿಕ್ ಹೊಡೀತೇನಿ" ಎಂದ. ಬದುಕಿದೆ, ಗಾಡಿಯೂ ಬದುಕಿತು ಎಂದುಕೊಂಡೆ. ಲಿವರಿನ ವಿಷಯ ಹೇಳಲು ಬಾಯಿ ತೆರೆದರೆ, "ಗೊತ್ತೈತ್ರಿ, ಸಣ್ಣಾಂವಿದ್ದಾಗಿಂದ ನೋಡೇನಿ" ಎಂದು ತಡೆದ.

ನೋಡಿದ್ದ, ನಿಜ. ಆದರೆ ಎಲ್ಲಿಂದ? ಹತ್ತಿರ ಸುಳಿಯಲು ಅಪ್ಪ ಬಿಡುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಎಂದು ಆಮೇಲೆ ಗಂಗವ್ವ ಹೇಳಿದರು. ಅಲ್ಲಿಂದ ಕಾಣುವುದು ಗಾಡಿಯ ಬಲಮಗ್ಗುಲು ಮಾತ್ರ. ಒದೆಯುವ ಕಾಲು ಕಾಣುತ್ತದೆ, ಎಡಗೈ ಕಾಣುವುದಿಲ್ಲ. ಅವನು ಇಡೀ ಬಾಲ್ಯ ಆ ಕಾಲನ್ನಷ್ಟೇ ನೋಡಿ ಕಲಿತಿದ್ದ.

ಮೈಭಾರ ಹಾಕಿ ಒದ್ದ. ಕಿಕ್ಕು ತಿರುಗಿ ಅದೇ ಬಲಗಾಲಿಗೆ ಬಡಿಯಿತು. "ಅವ್ವಾ" ಎಂದು ಕೂಗಿ ನೆಲಕ್ಕೆ ಕುಸಿದ. ಆಗ ಮಂಚದಿಂದ ಒಂದು ಸದ್ದು ಬಂತು. ವೀರಭದ್ರಪ್ಪ ನಗುತ್ತಿದ್ದರು. ವಾಲಿದ ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು, ಹೊಟ್ಟೆ ಕುಲುಕುತ್ತಿತ್ತು. ನಗುತ್ತಲೇ ಎಡಗೈ ಎತ್ತಿ ಬೆರಳುಗಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದರು.

ನನಗೆ ಅರ್ಥವಾಯಿತು. "ಶಿವಾನಂದಪ್ಪ, ಅವರ ಕೈ ನೋಡ್ರಿ. ಲಿವರ್ ಹಿಚಕು ಅಂತ ಹೇಳಿಕೊಡಾಕತ್ತಾರ್ರಿ."

ಅವನು ನೋಡಿದ್ದು ನಗುವನ್ನು ಮಾತ್ರ. ಕಾಲು ಹಿಡಿದುಕೊಂಡು ಎದ್ದ. "ಇಷ್ಟ ವರ್ಷ ಎಲ್ಲಿ ಹೋಗಿತ್ರಿ ಆ ಕೈ? ಗ್ರೈಂಡರ್ ತಗೀರಿ, ಮಿಸ್ತ್ರಿ. ನೀವ್ ಕಡೀಲಿಲ್ಲಂದ್ರ ಗಿರಣ್ಯಾಗಿನ ವೆಲ್ಡಿಂಗ್ ಹುಡುಗರ ಕೈಲೆ ಸುತ್ತಿಗಿಲೆ ಒಡಸ್ತೇನಿ."

ಮರುದಿನ ಬೆಳಿಗ್ಗೆ ಮಂಚವನ್ನು ಪಡಸಾಲೆಯ ಅಂಚಿಗೆ ಎಳೆಸಿದ. ನಾನು ಕಬ್ಬಿಣ ಕೊಯ್ಯುವ ಗ್ರೈಂಡರ್ ಹಚ್ಚಿದೆ. ಒಡೆಸುವುದಕ್ಕಿಂತ ಕತ್ತರಿಸುವುದು ವಾಸಿ ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಮಡ್‌ಗಾರ್ಡು ಕಳಚಿ ಬಿತ್ತು. ಚಾಸಿಯ ಬಾಲಕ್ಕೆ ಗ್ರೈಂಡರಿನ ಚಕ್ರ ತಾಗಿದಾಗ ಕಿಡಿಗಳು ಪಡಸಾಲೆಯ ಮೆಟ್ಟಿಲತನಕ ಹಾರಿದವು. ಶಿವಾನಂದ ಗಾಡಿಗೆ ಬೆನ್ನು ಮಾಡಿ, ಅಪ್ಪನ ಎದುರಿಗೆ ನಿಂತು ಅವರ ಮುಖವನ್ನೇ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದುದು ಒಂದು ಹನಿ ಕಣ್ಣೀರು.

ವೀರಭದ್ರಪ್ಪ ಎಡಗೈ ಎತ್ತಿದರು. ಬೇಡಿಕೊಳ್ಳುತ್ತಾರೆ ಎಂದುಕೊಂಡು ನಾನು ಗ್ರೈಂಡರ್ ನಿಲ್ಲಿಸಿದೆ. ಶಿವಾನಂದ ಬಗ್ಗಿದ. ಆ ಕೈ ಅವನ ಸೊಂಟವನ್ನು ಹಿಡಿದು ಪಕ್ಕಕ್ಕೆ ನೂಕಿತು. ಮತ್ತೊಮ್ಮೆ ನೂಕಿತು. ಅವನು ಅಡ್ಡ ನಿಂತಿದ್ದರಿಂದ ಅವರಿಗೆ ಗಾಡಿ ಕಾಣುತ್ತಿರಲಿಲ್ಲ.

ಶಿವಾನಂದ ಸರಿದು ನಿಂತ. ವೀರಭದ್ರಪ್ಪ ಕತ್ತು ಚಾಚಿ ಕತ್ತರಿಸಿದ ಜಾಗವನ್ನು ನೋಡಿದರು, ಆಮೇಲೆ ನನ್ನ ಕಡೆ ನೋಡಿ ಮುಂದುವರಿಸು ಎಂಬಂತೆ ಬೆರಳಾಡಿಸಿದರು. ಕಣ್ಣುಗಳು ಒಣಗಿದ್ದವು.

ಮಧ್ಯಾಹ್ನ ಶಿವಾನಂದ ಮೆಟ್ಟಿಲ ಮೇಲೆ ಕೂತು ಕೇಳಿದ: "ಅವರು ಅಳ್ಲೇ ಇಲ್ಲಲ್ರಿ, ಮಿಸ್ತ್ರಿ. ಒಳಗರ ಅತ್ತಿರಬೇಕಲ್ರಿ?"

ಅತ್ತರು ಎಂದಿದ್ದರೆ ಅವನಿಗೆ ಅಂದು ನಿದ್ದೆ ಬರುತ್ತಿತ್ತು. ನನಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. ನನ್ನ ಕೈಯಿಂದ ಆ ಕೆಲಸ ಮಾಡಿಸಿದ ಸಿಟ್ಟು ಇನ್ನೂ ಆರಿರಲಿಲ್ಲ. "ಇಲ್ರಿ. ನೀವ್ ಯಾರು ಅನ್ನೂದ ಅವರಿಗೆ ಬೇಕಾಗಿರಲಿಲ್ಲ. ಗಾಡಿ ಕಾಣ್ಲಿ ಅಂತ ನಿಮ್ಮನ್ನ ಸರಿಸಿದ್ರು" ಎಂದೆ. ಅವನು ತಲೆಯಾಡಿಸಿದ. ಟ್ಯಾಂಕಿನ ಬಂಗಾರದ ಗೆರೆ ಕೆರೆದು, ಬಣ್ಣ ಬಳಿದು, ಗಾಡಿ ಒಪ್ಪಿಸಿ ಬಂದೆ. ವೀರಭದ್ರಪ್ಪ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು.

ಅಂದಿನಿಂದ ಹಳೆ ಗಾಡಿ ತಂದವರನ್ನು ನಾನು ಮೊದಲು ಕೇಳುತ್ತಿದ್ದುದು ಎಂಜಿನ್ನಿನ ವಿಷಯವಲ್ಲ. ಇದನ್ನು ಯಾರು ಓಡಿಸುತ್ತೀರಿ ಎಂದು ಕೇಳುತ್ತಿದ್ದೆ. ನಾನೇ ಓಡಿಸುತ್ತೇನೆ ಎಂದವರ ಗಾಡಿ ಹಿಡಿಯುತ್ತಿದ್ದೆ. ಯಾರಿಗೋ ತೋರಿಸಬೇಕು ಎಂದವರನ್ನು, ಅದು ಪ್ರೀತಿಗೇ ಇರಲಿ, ಬೇರೆ ಗ್ಯಾರೇಜಿಗೆ ಕಳಿಸುತ್ತಿದ್ದೆ. ಅಳಿಯನಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.

ಹೋದ ತಿಂಗಳು ಅಳಿಯ ಆ ಬುಲೆಟ್ಟಿನ ಆಯಿಲ್ ಬದಲಿಸಲು ಅಕ್ಕಿಆಲೂರಿಗೆ ಹೋಗಿದ್ದ. ಗಾಡಿ ಅದೇ ಶೆಡ್ಡಿನಲ್ಲಿದೆ, ಈಗ ಬಾಗಿಲಿಗೆ ಬೀಗ ಬಿದ್ದಿದೆಯಂತೆ. ಬೀಗ ಯಾಕೆಂದು ಕೇಳಿದ್ದಕ್ಕೆ ಶಿವಾನಂದ ಅದೇ ಮೆತ್ತಗಿನ ದನಿಯಲ್ಲಿ ಹೇಳಿದನಂತೆ: "ನನ್ನ ಮಗ ಮುಟ್ಟತಾನ್ರಿ."