ಬಂದ ಗಾಡಿ, ನಿಂತ ಗಾಡಿ

ಕೋವಿಡ್ ನಿರ್ಬಂಧಗಳೆಲ್ಲ ಮುಗಿದು ಪೇಟೆ ಮತ್ತೆ ತುಂಬತೊಡಗಿದ್ದ ವರ್ಷ ಅದು. ನಾನು ರಾಯಚೂರು ನಗರದಲ್ಲಿ ಸಂಚಾರ ವಿಭಾಗದ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ತೀನ್ ಕಂದೀಲ್ ವೃತ್ತದ ಸುತ್ತಲಿನ ಪೇಟೆಯಲ್ಲಿ ಬೆಳಿಗ್ಗೆ ಹನ್ನೊಂದರ ನಂತರ ಆಂಬುಲೆನ್ಸ್ ಕೂಡ ಪಾದಚಾರಿಗಳ ಹಿಂದೆ ತೆವಳಬೇಕಾಗುತ್ತಿತ್ತು. ಆಗ ಎದ್ದದ್ದು ‘ಕಂಜೆಷನ್ ಚಾರ್ಜ್’ ಎಂಬ ಮಾತು. ಪೇಟೆಯೊಳಗೆ ಬರುವ ವಾಹನ ಪ್ರತಿ ಸಲವೂ ಪ್ರವೇಶ ಶುಲ್ಕ ಕಟ್ಟಬೇಕು. ಕಟ್ಟಲೊಲ್ಲದವರು ಹೊರಗೆ ನಿಲ್ಲಿಸಿ ನಡೆದು ಬರುತ್ತಾರೆ, ರಸ್ತೆ ಬಿಡುವಾಗುತ್ತದೆ ಎಂಬುದು ಅದರ ತರ್ಕ.

ಅಂಗಡಿಯವರು ಒಪ್ಪಲಿಲ್ಲ. ಅವರ ಮುಂದಾಳು ಬಳೆ ಅಂಗಡಿಯ ಖಾದರ್ ಭಾಯಿ. ನಗರಸಭೆ ಕರೆದ ಮೊದಲ ಸಭೆಯಲ್ಲೇ ಎದ್ದು ನಿಂತು, “ಗಿರಾಕಿಗೆ ಒಳಗ ಬರಾಕ ರೊಕ್ಕ ಕೇಳಿದ್ರ ಅವ್ರು ಬರ್ತಾರೇನ್ರಿ? ನಾವು ಬಳಿ ಹಿಡ್ಕೊಂಡು ಒಬ್ಬರಿಗೊಬ್ಬರು ತೊಡಿಸ್ಕೊಂತ ಕುಂದ್ರಬೇಕಾಗ್ತದ!” ಎಂದರು. ಸಭೆ ನಕ್ಕಿತು. ಅವರು ಇನ್ನೊಂದು ದಾರಿ ಸೂಚಿಸಿದರು: ದಿನಕ್ಕೆ ಹತ್ತು ಸಲ ನುಗ್ಗುವ ಗೂಡ್ಸ್ ಆಟೋಗಳಿಗೆ ಮಾತ್ರ ಶುಲ್ಕ ಹಾಕಿ. ಹಲವರು ತಲೆಯಾಡಿಸಿದರು. ತೀರ್ಮಾನಕ್ಕೆ ಮುನ್ನ ವಾಹನಗಳ ಎಣಿಕೆ ಆಗಲಿ ಎಂದಾಯಿತು. ಕೆಲಸ ನನ್ನ ಪಾಲಿಗೆ ಬಂತು.

ಎಣಿಕೆ ನನಗೆ ಒಗ್ಗಿದ ಕೆಲಸ. ದೇವದುರ್ಗದಲ್ಲಿ ಠಾಣೆಯ ದಾಖಲೆ ಬರೆಯುವ ‘ರೈಟರ್’ ಆಗಿದ್ದ ಕಾಲದಿಂದಲೂ ನನ್ನ ಪುಸ್ತಕದಲ್ಲಿ ಒಂದು ಸಾಲು ಓರೆಯಾದದ್ದಿಲ್ಲ. ಒಂದು ವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಪೇಟೆಯ ಬಾಯಲ್ಲಿ ನಿಂತೆ. ಒಂದು ವಾಹನಕ್ಕೆ ಒಂದು ಗೀಟು, ಕಾಲು ಗಂಟೆಗೊಂದು ಪುಟ. ವಾರದ ಕೊನೆಗೆ ಕೂಡಿ ನೋಡಿದಾಗ ಅತಿ ಹೆಚ್ಚು ಸಲ ಒಳಗೆ ಬಂದದ್ದು ಗೂಡ್ಸ್ ಆಟೋಗಳೇ. ಖಾದರ್ ಭಾಯಿ ಹೇಳಿದ್ದು ಸರಿ ಎನಿಸಿತು. ವರದಿಯನ್ನು ನೀಟಾಗಿ ಬರೆದು ಮುಗಿಸಿದೆ. ಸಭೆ ಶುಕ್ರವಾರ ಇತ್ತು.

ಮಂಗಳವಾರ ಬೆಳಿಗ್ಗೆ ಒಂದು ಗೂಡ್ಸ್ ಆಟೋ ನನ್ನ ಪಕ್ಕ ನಿಂತಿತು. ಓಡಿಸುತ್ತಿದ್ದವಳು ಹುಲಿಗೆಮ್ಮ, ಮಾನ್ವಿ ತಾಲ್ಲೂಕಿನ ಕುರ್ಡಿಯವಳು. ಕುರ್ಡಿ, ಪೋತ್ನಾಳ ಕಡೆಯ ಹೆಣ್ಣುಮಕ್ಕಳು ಬೆಳೆದ ಪುಂಡಿ, ರಾಜಗಿರಿ, ಮೆಂತ್ಯ ಸೊಪ್ಪಿನ ಗಂಟುಗಳು ಬೆಳಗಿನ ಬಸ್ಸುಗಳಲ್ಲಿ ಬರುತ್ತಿದ್ದವು. ಅವನ್ನು ಬಸ್ ನಿಲ್ದಾಣದಿಂದ ಪೇಟೆಗೆ ತಂದು ಇಳಿಸುವುದು ಅವಳ ಕಸುಬು. ಮೂರು ಬಸ್ಸು, ಮೂರು ಸುತ್ತು.

“ದಿನಾ ನನ್ನ ಗಾಡಿಗೆ ಮೂರು ಗೀಟು ಎಳದ್ರೆಲ್ರಿ ಸಾಹೇಬ್ರ, ಯಾಕ್ರಿ?”

ಮುಚ್ಚಿಡುವುದು ನನ್ನ ಸ್ವಭಾವವಲ್ಲ. ಶುಲ್ಕದ ವಿಷಯ ಹೇಳಿದೆ. ಆಕೆಯ ಮುಖದಲ್ಲಿದ್ದ ನಗೆ ಇಳಿಯಿತು.

“ಮೂರು ಸಲ ಕಟ್ಟಿದ್ರ ನಂಗೇನು ಉಳೀತದ್ರಿ? ಗಾಡಿ ಮಾರಿ ಮನ್ಯಾಗ ಕುಂದ್ರಬೇಕಷ್ಟ.”

“ಮೂರೂ ಬಸ್ಸಿನ ಗಂಟು ಕೂಡಿಸಿ ಒಂದೇ ಸಲ ತಗೊಂಡು ಬಾ ಯವ್ವಾ.”

“ಪಲ್ಯ ಕಾಯ್ತದೇನ್ರಿ ಯಪ್ಪಾ? ಬಿಸಲಿಗೆ ಬಾಡಿದ್ ಮ್ಯಾಲ ನೀವಾದ್ರೂ ತಗೊಂತೀರೇನು?” ಆಟೋದಿಂದ ಇಳಿದು ಪೇಟೆಯತ್ತ ಕೈ ಮಾಡಿದಳು. “ನಮ್ಮೂರ ಕೆರಿಗೆ ಎಮ್ಮಿ ಬರ್ತಾವ್ರಿ. ನೀರು ಕುಡದು ಹೋಗೋ ಎಮ್ಮಿಯಿಂದ ಯಾರಿಗೂ ತ್ರಾಸಿಲ್ಲ. ನೀರಾಗ ಮಲಗೋ ಎಮ್ಮಿ ಇರ್ತಾವಲ್ಲ, ಅವು ದಾರಿ ಬಿಡಂಗಿಲ್ಲ. ನೀವು ಬಂದವ್ರನ್ನ ಎಣಿಸೀರಿ. ಮಲಗಿದವ್ರನ್ನ ಎಣಿಸಿಲ್ರಿ.”

ಗಾಡಿ ಹತ್ತಿ ಪೇಟೆಯೊಳಗೆ ಹೋದಳು. ನಾನು ಗಡಿಯಾರ ನೋಡಿದೆ. ಅವಳು ಒಳಗೆ ಹೋಗಿ ಗಂಟು ಇಳಿಸಿ ಹೊರಬರಲು ಕಾಲು ಗಂಟೆಯೂ ಹಿಡಿಯಲಿಲ್ಲ. ಮೂವತ್ತು ವರ್ಷ ಮೀರಿದ ನೌಕರಿಯಲ್ಲಿ ನನ್ನ ಪುಸ್ತಕದಲ್ಲಿ ‘ಎಷ್ಟು ಹೊತ್ತು ನಿಂತಿತು’ ಎಂಬ ಕಾಲಂ ಇರಲೇ ಇಲ್ಲ ಎಂಬುದು ಆಗ ಹೊಳೆಯಿತು.

ಬುಧವಾರ ಹತ್ತು ಗಂಟೆಗೆ ಒಂದು ಡಬ್ಬಿ ಸೀಮೆಸುಣ್ಣ ಹಿಡಿದು ಪೇಟೆಗೆ ಇಳಿದೆ. ನಿಂತಿದ್ದ ಪ್ರತಿ ವಾಹನದ ಟೈರಿನಿಂದ ನೆಲದವರೆಗೆ ಒಂದೇ ನೇರ ಗೆರೆ ಎಳೆದು, ನಂಬರ್ ಬರೆದುಕೊಂಡೆ. ಗಾಡಿ ಒಂದು ಗೇಣು ಕದಲಿದರೂ ಟೈರಿನ ಗೆರೆ ನೆಲದ ಗೆರೆಗೆ ಕೂಡುವುದಿಲ್ಲ. ಸರಳ ಪರೀಕ್ಷೆ.

ಖಾದರ್ ಭಾಯಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. “ಕ್ಯಾ ಸಾಬ್, ಈ ವಯಸ್ಸಿನಾಗ ರಂಗೋಲಿ ಕಲಿಯಾಕತ್ತೀರೇನು?”

“ಸಂಜಿಗೆ ತೋರಿಸ್ತೀನಿ, ತಡೀರಿ” ಎಂದೆ.

ಮಧ್ಯಾಹ್ನ ಎರಡಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ನೋಡಿದೆ. ಅರ್ಧಕ್ಕಿಂತ ಹೆಚ್ಚು ಗೆರೆಗಳು ಬೆಳಿಗ್ಗೆ ಎಳೆದಂತೆಯೇ ಇದ್ದವು. ನಂಬರ್ ಹಿಡಿದು ವಿಚಾರಿಸಿದೆ: ಅವು ಗಿರಾಕಿಗಳ ಗಾಡಿಗಳಲ್ಲ, ಗೂಡ್ಸ್ ಆಟೋಗಳೂ ಅಲ್ಲ. ಅಂಗಡಿಯವರೇ ಬೆಳಿಗ್ಗೆ ತಂದು ನಿಲ್ಲಿಸಿ ಮನೆಗೆ ಹೋಗುವಾಗ ತೆಗೆಯುವ ಸ್ಕೂಟರ್, ಕಾರುಗಳು. ಗುರುವಾರ ಮತ್ತೆ ಎಳೆದೆ. ಅದೇ ಫಲ. ಖಾದರ್ ಭಾಯಿಯ ಬಿಳಿ ಸ್ಕೂಟರಿನ ಗೆರೆ ಎರಡೂ ದಿನ ಕೂಡಿಕೊಂಡೇ ಇತ್ತು. ಎರಡೂ ಸಂಜೆ ಅವರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ ಅಂಗಡಿಯೊಳಗೆ ಹೋದರು.

ಶುಕ್ರವಾರದ ಸಭೆಯಲ್ಲಿ ನನ್ನ ಮೊದಲ ವರದಿಯನ್ನು ನಾನೇ ಹಿಂಪಡೆದೆ. “ಎಣಿಕೆ ಸರಿ ಇತ್ತು, ಆದರೆ ಎಣಿಸಬೇಕಾದದ್ದನ್ನು ಎಣಿಸಿರಲಿಲ್ಲ” ಎಂದು ಒಪ್ಪಿಕೊಂಡು ಎರಡನೆಯದನ್ನು ಓದಿದೆ. ಗದ್ದಲವೆದ್ದಿತು. ಹಿಂದಿನ ಸಾಲಿನಿಂದ ಯಾರೋ, “ಯಾರ ಗಾಡಿ ಅಂತ ಹೇಳ್ರಿ! ಸುಮ್ನ ಪೇಟಿಯವ್ರ ಮ್ಯಾಲ ಹಾಕಬ್ಯಾಡ್ರಿ!” ಎಂದು ಕೂಗಿದರು. ನಂಬರ್‌ಗಳ ಪಟ್ಟಿ ತೆರೆದೆ. ಓದಿದರೆ ಊರ ಮುಂದೆ ಹತ್ತಾರು ಜನರ ಮಾನ ಹೋಗುತ್ತದೆ. ಓದದಿದ್ದರೆ ಹುಲಿಗೆಮ್ಮನ ಗಾಡಿ ಹೋಗುತ್ತದೆ.

ಅಷ್ಟರಲ್ಲಿ ಖಾದರ್ ಭಾಯಿ ಎದ್ದರು. “ಓದಬ್ಯಾಡ್ರಿ ಸಾಹೇಬ್ರ. ಮೊದಲನೇ ನಂಬರ್ ನಂದೇ ಅದ. ಎರಡು ದಿನ ಆ ಗೆರಿ ನಾನೇ ಕಣ್ಣಾರೆ ನೋಡೀನಿ.” ತಮ್ಮವರ ಕಡೆ ತಿರುಗಿದರು. “ಗಿರಾಕಿಗೆ ಜಾಗ ಇಲ್ಲ ಅಂತ ಅಳಾಕತ್ತೀವಿ. ಆ ಜಾಗದಾಗ ಕುಂತವ್ರು ನಾವೇ ಅದೀವಿ. ಆಟೋದವ್ರ ಮ್ಯಾಲ ಹಾಕ್ರಿ ಅಂದಿದ್ದೂ ನಾನೇ. ಅದು ತಪ್ಪಾತು.”

ಅಷ್ಟು ಜನರೆದುರು ಹಾಗೆ ಹೇಳಲು ಎಷ್ಟು ಗಟ್ಟಿತನ ಬೇಕೆಂದು ನನಗೆ ಗೊತ್ತು. ಸಮವಸ್ತ್ರದಲ್ಲಿದ್ದವರಲ್ಲೂ ಅಂಥವರನ್ನು ನಾನು ಹೆಚ್ಚು ಕಂಡಿಲ್ಲ.

ಪ್ರವೇಶ ಶುಲ್ಕದ ಮಾತು ಅಂದಿಗೆ ಪಕ್ಕಕ್ಕೆ ಸರಿಯಿತು. ಇಡೀ ದಿನ ನಿಲ್ಲುವ ವಾಹನಗಳಿಗೆ ಕೋಟೆಯ ಆಚೆ ಬಯಲು ಗುರುತಿಸಲಾಯಿತು. ಮೊದಲ ದಿನ ಅಲ್ಲಿ ಗಾಡಿ ನಿಲ್ಲಿಸಿ ನಡೆದು ಬಂದವರು ಖಾದರ್ ಭಾಯಿ. ಶುಲ್ಕ ಬೇಕೇ ಬೇಡವೇ ಎಂಬ ವಾದ ಇಂದಿಗೂ ಮುಗಿದಿಲ್ಲ, ಅದು ನಡೆಯಬೇಕಾದದ್ದೇ. ಆದರೆ ಶನಿವಾರ ಬೆಳಿಗ್ಗೆ ಹುಲಿಗೆಮ್ಮ ಮೂರನೇ ಸುತ್ತಿಗೆ ಬಂದಾಗ ನನ್ನ ಕೈಯಲ್ಲಿ ಪುಸ್ತಕ ಇರಲಿಲ್ಲ.

“ಎಮ್ಮಿ ಎದ್ದುವೇನ್ರಿ?” ಎಂದಳು.

“ಎದ್ದು ನಡಿಯಾಕತ್ತಾವು” ಎಂದೆ.

ಶಿಸ್ತಾಗಿ ಎಣಿಸುವುದನ್ನು ಇಲಾಖೆ ನನಗೆ ಕಲಿಸಿತು. ಏನನ್ನು ಎಣಿಸಬೇಕೆಂದು ಮೊದಲು ಆ ದಾರಿಯಲ್ಲಿ ದುಡಿಯುವವರನ್ನು ಕೇಳಬೇಕೆಂಬುದನ್ನು ಕಲಿಸಿದ್ದು ಹುಲಿಗೆಮ್ಮ. ಆ ವರದಿಯ ಕೊನೆಯಲ್ಲಿ ‘ಸಿದ್ಧಪಡಿಸಿದವರು’ ಎಂಬಲ್ಲಿ ನನ್ನ ಸಹಿ ಮಾತ್ರ ಇದೆ. ಅವಳ ಹೆಸರಿಗೆ ಅಲ್ಲಿಯೂ ಕಾಲಂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.