ಕೆಲಸದವರಿಗೆ ಎರಡು ಬೆಲ್

ಬಾಂದ್ರಾದ ಒಂದು ಫ್ಲ್ಯಾಟಿಗೆ ಹೊಸ ಬೆಲ್ ಹಾಕಲು ಹೋಗಿದ್ದೆ. ಮನೆಯಾಕೆ ಧಾರವಾಡದವರು. ನಾನು ವಿಜಯಪುರದವನೆಂದು ಫೋನಿನಲ್ಲೇ ತಿಳಿದು, "ನಮ್ಮ ಕಡೆಯವ್ರೇ ಸಿಕ್ಕಿರಿ, ಬರ್ರಿ" ಅಂದಿದ್ದರು.

ಕರಕರ ಅನ್ನುತ್ತಿದ್ದ ಹಳೆಯ ಬೆಲ್ಲನ್ನು ಒಮ್ಮೆ ಒತ್ತಿದೆ. ನಗುತ್ತ ಬಾಗಿಲು ತೆರೆದವರು ನನ್ನ ಟೂಲ್ ಬ್ಯಾಗ್ ನೋಡಿ ಮುಖ ಗಂಟು ಹಾಕಿಕೊಂಡರು.

"ಒಂದ್ ಬೆಲ್ ಮನಿ ಮಂದಿಗೆ, ಬೀಗರಿಗೆ. ಕೆಲಸದವ್ರು ಎರಡ ಹೊಡೀಬೇಕು. ವಾಚ್‌ಮನ್ ಹೇಳಲಿಲ್ಲೇನು?"

ಮೈ ಉರಿಯಿತು. ಬಸ್ಸಿನಲ್ಲಿ ಒಂದು ಬೆಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಅದು ಎಲ್ಲರಿಗೂ ಒಂದೇ. ನಮ್ಮ ಶಾಲೆಯಲ್ಲೂ ಗೌಡರ ಮಗನಿಗೆಂದು ಬೇರೆ ಬೆಲ್ ಬಾರಿಸುತ್ತಿರಲಿಲ್ಲ. ಬಂದವನ ಕೈಯಲ್ಲಿ ಏನಿದೆ ಎಂದು ನೋಡಿ ಲೆಕ್ಕ ಬದಲಿಸುವ ಬೆಲ್ಲನ್ನು ನಾನು ಕಂಡದ್ದು ಇಲ್ಲೇ.

ಒಳಗೆ ಬೆಲ್ ಕೂಡಿಸಿ, ಹೊರಗಿನ ಬಟನ್ ಹಾಕಲು ಬಂದೆ. ಹಿಂದೆಯೇ ಬಾಗಿಲು ಹಾಕಿಕೊಂಡರು. ಬಟನ್ ಹಾಕಿ, ಅವರು ಹೇಳಿದಂತೆ ಎರಡು ಸಲ ಒತ್ತಿದೆ. ಸದ್ದು ಚೆನ್ನಾಗಿ ಕೇಳಿಸಿತು. ಯಾರೂ ಬರಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಎರಡು ಸಲ ಒತ್ತಿದೆ. "ತಡೀರಿ, ಬರ್ತೀನಿ" ಅಂತ ಒಳಗಿನಿಂದ ದನಿ ಬಂತು. ಇನ್ನೂ ಹತ್ತು ನಿಮಿಷ ನಿಂತೆ.

ಕೊನೆಗೆ ಒಂದೇ ಸಲ ಒತ್ತಿದೆ. ಬಾಗಿಲು ತಟ್ಟನೆ ತೆರೆಯಿತು. ಸೆರಗು ಸರಿಮಾಡಿಕೊಂಡು, ನಗುತ್ತ ನಿಂತಿದ್ದರು.

"ಬೆಲ್ ಬರೋಬರಿ ಐತ್ರಿ, ಅಕ್ಕಾರ," ಅಂದೆ.